ಬೆಟ್ಟದ ನದಿಗಳಲ್ಲಿ ಆಕ್ರಮಣಕಾರಿ ಸಿಹಿನೀರು ಮೀನುಗಳು (ಕಾವೇರಿ ಕೊಳ್ಳ)

ಆಕ್ರಮಣಕಾರಿ ಸಿಹಿನೀರು ಮೀನುಗಳು ಎಂದರೆ ತಮ್ಮ ಮೂಲ ನದೀಕೊಳ್ಳದಿಂದ ಹೊರಗೆ, ಬಹುತೇಕ ಮನುಷ್ಯನ ಕೈಯಿಂದಲೇ, ಬೇರೊಂದು ನೀರನ್ನು ಸೇರಿ, ಅಲ್ಲಿ ಸಂತಾನ ಬೆಳೆಸಿ, ಸ್ಥಳೀಯ ಜೀವಿಗಳಿಗೆ ಹಾನಿ ಉಂಟುಮಾಡುವ ಮೀನುಗಳು. ಕಡಿದಾದ ಪಾತ್ರ, ರಭಸದ ಹರಿವು ಮತ್ತು ಮಳೆಗಾಲದ ಪ್ರವಾಹಗಳಿಂದ ಕೂಡಿದ ಬೆಟ್ಟದ ನದಿಗಳು ಇಂತಹ ಮೀನುಗಳಿಗೆ ಸುಲಭವಾಗಿ ಒಲಿಯುವುದಿಲ್ಲ. ಆದರೂ ಪಶ್ಚಿಮ ಘಟ್ಟಗಳಲ್ಲಿ ಹುಟ್ಟುವ ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಹಲವು ಹೊರಗಿನ ಜಾತಿಗಳು ಇಂದು ನೆಲೆಯೂರಿವೆ. ಇವುಗಳಲ್ಲಿ ಹೆಚ್ಚು ಗಂಭೀರ ಪರಿಣಾಮ ಬೀರಿರುವುದು ಆಫ್ರಿಕಾದಿಂದಲೋ ಅಮೆರಿಕದಿಂದಲೋ ಬಂದ ಮೀನಲ್ಲ. ನೆರೆಯ ಕೃಷ್ಣಾ ಕೊಳ್ಳದಿಂದ ಬಂದ ನೀಲಿ ರೆಕ್ಕೆಯ ಮಹಸೀರ್.

ಪರಿಭಾಷೆ

ಕನ್ನಡದಲ್ಲಿ ಇಂತಹ ಮೀನುಗಳನ್ನು ವಿದೇಶಿ ಮೀನುಗಳು ಎಂದು ಕರೆಯುವ ರೂಢಿಯಿದೆ. ಈ ಪದ ದಾರಿ ತಪ್ಪಿಸುವಂಥದ್ದು. ಮೀನಿನ ಪಾಲಿಗೆ ದೇಶವೆಂದರೆ ಭೂಪಟದ ಗಡಿಯಲ್ಲ, ನದೀಕೊಳ್ಳ. ಗಂಗೆಯ ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಭಾರತದವೇ ಆದರೂ ಕಾವೇರಿಗೆ ಹೊರಗಿನವು. ಕಾವೇರಿಯ ಜಲಾಶಯಗಳಿಗೆ ಇವುಗಳ ಮರಿಗಳನ್ನು ದಶಕಗಳಿಂದ ಬಿಡುತ್ತಿರುವುದರಿಂದ, ಇವು ಹೊರಗಿನವು ಎಂಬ ನೆನಪೇ ಮೀನು ಮಾರುಕಟ್ಟೆಯಲ್ಲಿ ಉಳಿದಿಲ್ಲ. ಹೊರಗಿನಿಂದ ಬಂದ ಮೀನುಗಳೆಲ್ಲ ಆಕ್ರಮಣಕಾರಿಯೂ ಅಲ್ಲ. ತಾನಾಗಿ ಸಂತಾನ ಬೆಳೆಸಿ, ಹರಡಿ, ಸ್ಥಳೀಯ ಜಾತಿಗಳನ್ನು ಕುಗ್ಗಿಸಿದಾಗ ಮಾತ್ರ ಆ ಹೆಸರು ಸಲ್ಲುತ್ತದೆ.

ಬೆಟ್ಟದ ನದಿಯ ಪರಿಸರ

ಘಟ್ಟದ ತೊರೆಗಳಲ್ಲಿ ನೀರು ತಂಪಾಗಿದ್ದು ಆಮ್ಲಜನಕದಿಂದ ತುಂಬಿರುತ್ತದೆ. ಪೋಷಕಾಂಶಗಳು ಮಾತ್ರ ಕಡಿಮೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರವಾಹವು ಕಲ್ಲುಗಳನ್ನೇ ಉರುಳಿಸಿಕೊಂಡು ಹೋಗುತ್ತದೆ. ಬೇಸಿಗೆಯಲ್ಲಿ ಅದೇ ನದಿ ಬಂಡೆಗಳ ನಡುವಿನ ಮಡುಗಳಿಗೆ ಕುಗ್ಗುತ್ತದೆ. ಸ್ಥಳೀಯ ಮೀನುಗಳ ದೇಹವೇ ಈ ಎರಡು ಋತುಗಳಿಗೆ ತಕ್ಕಂತೆ ರೂಪುಗೊಂಡಿದೆ. ಗ್ಯಾರಾ ಕುಲದ ಮೀನುಗಳಿಗೆ ಬಾಯಿಯ ಹಿಂದೆ ಕಲ್ಲಿಗೆ ಅಂಟಿಕೊಳ್ಳಲು ನೆರವಾಗುವ ತಟ್ಟೆಯಂತಹ ರಚನೆಯಿದೆ. ಭವಾನಿಯಾ ಕುಲದ ಪುಟ್ಟ ಮೀನುಗಳ ಹೊಟ್ಟೆ ಚಪ್ಪಟೆಯಾಗಿದ್ದು, ಅಗಲವಾದ ಜೋಡಿ ಈಜುರೆಕ್ಕೆಗಳಿಂದ ಅವು ಬಂಡೆಯನ್ನು ಅಪ್ಪಿ ನಿಲ್ಲುತ್ತವೆ. ಮಹಸೀರ್ ಮೀನುಗಳು ಬಲವಾದ ಬಾಲ ಮತ್ತು ನೀಳ ದೇಹದ ನೆರವಿನಿಂದ ಸೆಳೆತದ ವಿರುದ್ಧ ಈಜಿ, ಮಳೆಗಾಲದಲ್ಲಿ ಮೇಲ್ದಂಡೆಯ ಜಲ್ಲಿ ನೆಲಗಳನ್ನು ತಲುಪಿ ಮೊಟ್ಟೆಯಿಡುತ್ತವೆ.

ನಿಂತ ನೀರಿನ ಮೀನುಗಳಿಗೆ ಪ್ರವಾಹವೇ ದೊಡ್ಡ ತಡೆ. ಅಮೆರಿಕದ ಅರಿಜೋನಾದ ತೊರೆಗಳಲ್ಲಿ 1980ರ ದಶಕದಲ್ಲಿ ನಡೆದ ಅಧ್ಯಯನ ಇದಕ್ಕೆ ಹೆಸರಾದ ನಿದರ್ಶನ. ಹಠಾತ್ ಪ್ರವಾಹ ಬಂದಾಗ ಅಲ್ಲಿನ ಸ್ಥಳೀಯ ಪುಟ್ಟ ಮೀನುಗಳು ಅಂಚಿಗೆ ಸರಿದು ಉಳಿದುಕೊಂಡವು. ಹೊರಗಿನಿಂದ ತಂದಿದ್ದ ಗ್ಯಾಂಬೂಸಿಯಾ ಮೀನುಗಳು ಕೊಚ್ಚಿಹೋದವು. ಪ್ರವಾಹಗಳಿರುವ ತೊರೆಗಳಲ್ಲಿ ಎರಡೂ ಜಾತಿಗಳು ಒಟ್ಟಿಗೆ ಬಾಳಿದರೆ, ಪ್ರವಾಹವಿಲ್ಲದ ಕಡೆ ಗ್ಯಾಂಬೂಸಿಯಾ ಸ್ಥಳೀಯ ಮೀನನ್ನು ನಿರ್ಮೂಲ ಮಾಡಿತು.

ಹೊಂದಾಣಿಕೆಯ ಬಗೆಗಳು

ಮೊಸಾಂಬಿಕ್ ತಿಲಾಪಿಯಾ (ಕರ್ನಾಟಕದಲ್ಲಿ ಜಿಲೇಬಿ ಮೀನು) 1952ರಲ್ಲಿ ಶ್ರೀಲಂಕಾದಿಂದ ಭಾರತಕ್ಕೆ ಬಂದಿತು. ಇದರ ಗಂಡು ಅಂಚಿನ ಮೆದು ಮಣ್ಣಿನಲ್ಲಿ ಗುಳಿ ತೋಡುತ್ತದೆ. ಹೆಣ್ಣು ಮೊಟ್ಟೆಗಳನ್ನೂ ಮರಿಗಳನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತದೆ. ಹೀಗಾಗಿ ನೀರಿನ ಮಟ್ಟ ಏರಿಳಿದರೂ ಸಂತತಿ ಪೂರ್ತಿ ನಾಶವಾಗುವುದಿಲ್ಲ. ಆಹಾರ ಕಡಿಮೆಯಾದಾಗ ಗಾತ್ರದಲ್ಲಿ ಬೆಳೆಯುವುದನ್ನು ಬಿಟ್ಟು ಎಳೆಯ ವಯಸ್ಸಿನಲ್ಲೇ ಮರಿಮಾಡತೊಡಗುವುದು ಇದರ ಇನ್ನೊಂದು ಉಪಾಯ. ತನ್ನ ಆಫ್ರಿಕಾದ ತವರಿನಲ್ಲಿ, ಅಲ್ಲಿಗೆ ತಂದು ಬಿಟ್ಟ ನೈಲ್ ತಿಲಾಪಿಯಾದೊಂದಿಗೆ ಸಂಕರಗೊಂಡು, ಈ ಮೀನೇ ಅಪಾಯಕ್ಕೆ ಸಿಲುಕಿರುವುದು ವಿಚಿತ್ರವಾದರೂ ನಿಜ.

ಆಫ್ರಿಕನ್ ಕ್ಯಾಟ್‌ಫಿಶ್‌ನ ಕಿವಿರುಗಳ ಮೇಲೆ ಗಿಡದಂತೆ ಕವಲೊಡೆದ ಉಸಿರಾಟದ ಅಂಗವಿದೆ. ನೇರವಾಗಿ ಗಾಳಿಯನ್ನು ಉಸಿರಾಡಬಲ್ಲ ಈ ಮೀನು ಬೇಸಿಗೆಯಲ್ಲಿ ಬತ್ತುವ ಮಡುವಿನಲ್ಲೂ ಕೊಳಕು ನೀರಿನಲ್ಲೂ ಬದುಕುತ್ತದೆ; ತೇವವಿದ್ದರೆ ನೆಲದ ಮೇಲೆ ತೆವಳಿ ಮತ್ತೊಂದು ನೀರನ್ನು ಸೇರುತ್ತದೆ. ರಭಸದ ನೀರಿನಲ್ಲಿ ಇದು ಸಮರ್ಥ ಈಜುಗಾರನಲ್ಲ. ನದಿ ಸೊರಗಿದ ಕಾಲವನ್ನು ಕಾದು ಬಳಸಿಕೊಳ್ಳುವುದೇ ಇದರ ಬಲ.

ಸೊಳ್ಳೆ ನಿಯಂತ್ರಣಕ್ಕೆಂದು ಹರಡಿದ ಗಪ್ಪಿಯ ವಿಷಯ ಬೇರೆ. ವೆಸ್ಟ್ ಇಂಡೀಸ್‌ನ ಟ್ರಿನಿಡಾಡ್ ದ್ವೀಪದ ಬೆಟ್ಟದ ತೊರೆಗಳೇ ಇದರ ತವರುಗಳಲ್ಲೊಂದು. ಅಲ್ಲಿ ಡೇವಿಡ್ ರೆಜ್ನಿಕ್ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಪ್ರಯೋಗವು, ಹೊಂದಾಣಿಕೆ ಎಷ್ಟು ಬೇಗ ಆಗಬಲ್ಲದು ಎಂಬುದಕ್ಕೆ ಇಂದಿಗೂ ಪ್ರಮಾಣವಾಗಿದೆ. ದೊಡ್ಡ ಬೇಟೆಮೀನುಗಳಿದ್ದ ತಾಣದಿಂದ ಅವುಗಳಿಲ್ಲದ ಮೇಲಿನ ತೊರೆಗೆ ಸಾಗಿಸಿದ ಗಪ್ಪಿಗಳು, 11 ವರ್ಷಗಳಲ್ಲಿ, ಅಂದರೆ 30ರಿಂದ 60 ತಲೆಮಾರುಗಳಲ್ಲಿ, ತಡವಾಗಿ ಪ್ರಾಯಕ್ಕೆ ಬಂದು ಕಡಿಮೆ ಸಂಖ್ಯೆಯ ದೊಡ್ಡ ಮರಿಗಳನ್ನು ಹೆರುವಂತೆ ವಂಶವಾಹಿಯ ಮಟ್ಟದಲ್ಲೇ ಬದಲಾಗಿದ್ದವು.

ತಣ್ಣೀರಿನ ಟ್ರೌಟ್ ಮೀನುಗಳನ್ನು ಬ್ರಿಟಿಷರು 20ನೇ ಶತಮಾನದ ಮೊದಲ ದಶಕದಲ್ಲಿ ನೀಲಗಿರಿಯಲ್ಲಿ ನೆಲೆಗೊಳಿಸಿದರು. ಅವಲಾಂಚಿಯ ಮರಿ ಉತ್ಪಾದನಾ ಕೇಂದ್ರ ಆ ಕಾಲದ್ದು. ರಭಸದ ನೀರು ಇವುಗಳಿಗೆ ಸಹಜ. ಆದರೆ ನೀರಿನ ಉಷ್ಣತೆ ಸುಮಾರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೊರಗುವ ಕಾರಣ ಬೆಟ್ಟದ ನೆತ್ತಿಯಿಂದ ಕೆಳಗೆ ಇಳಿಯಲಾರದೆ ಉಳಿದಿವೆ.

ಅಣೆಕಟ್ಟುಗಳ ಪಾತ್ರ

ಕೃಷ್ಣರಾಜಸಾಗರ, ಹೇಮಾವತಿ, ಹಾರಂಗಿ, ಕಬಿನಿ ಜಲಾಶಯಗಳು ಹರಿಯುವ ನದಿಯ ನಡುವೆ ವಿಶಾಲವಾದ ನಿಂತ ನೀರನ್ನು ಸೃಷ್ಟಿಸಿವೆ. ತಿಲಾಪಿಯಾ, ಸಾಮಾನ್ಯ ಗೆಂಡೆ ಮುಂತಾದವು ಬೆಟ್ಟದ ನದಿಗೆ ಹೊಂದಿಕೊಂಡವು ಎನ್ನುವುದಕ್ಕಿಂತ ನದಿಯನ್ನೇ ಅವುಗಳಿಗೆ ಹೊಂದಿಸಿಕೊಡಲಾಯಿತು ಎನ್ನುವುದು ಹೆಚ್ಚು ಸರಿ. ಅಣೆಕಟ್ಟಿನ ಕೆಳಗೆ ಪ್ರವಾಹದ ಅಬ್ಬರ ಕುಗ್ಗುತ್ತದೆ. ಮೇಲಕ್ಕೆ ವಲಸೆ ಹೋಗುವ ಸ್ಥಳೀಯ ಮೀನಿಗೆ ದಾರಿ ಕಡಿಯುತ್ತದೆ. ಶಿವನಸಮುದ್ರದ ಗಗನಚುಕ್ಕಿ ಮತ್ತು ಭರಚುಕ್ಕಿ ಜಲಪಾತಗಳು ಮೀನುಗಳಿಗೆ ಏರಲಾಗದ ಸಹಜ ಗೋಡೆಗಳು. ಮರಿಗಳನ್ನು ಗೋಡೆಯ ಎರಡೂ ಬದಿಗೆ ತಂದು ಬಿಡುವಲ್ಲಿ ಆ ಗೋಡೆಗಳಿಗೂ ಅರ್ಥ ಉಳಿಯುವುದಿಲ್ಲ.

ಕಾವೇರಿಯ ಮಹಸೀರ್

ಕಾವೇರಿ ಕೊಳ್ಳಕ್ಕೆ ಸೀಮಿತವಾದ ಕಿತ್ತಳೆ ರೆಕ್ಕೆಯ, ಡುಬ್ಬದ ಮಹಸೀರ್ ಜಗತ್ತಿನ ಅತಿ ದೊಡ್ಡ ಮಹಸೀರ್‌ಗಳಲ್ಲೊಂದು. ಮಹಸೀರ್‌ಗಳನ್ನು ಕಾವೇರಿ ತೀರದಲ್ಲಿ ಬಿಳಿ ಮೀನು ಎನ್ನುತ್ತಾರೆ. ರಾಮನಾಥಪುರದಂತಹ ತೀರ್ಥಕ್ಷೇತ್ರಗಳಲ್ಲಿ ಅವು ದೇವರ ಮೀನುಗಳು. ಮೈಸೂರಿನ ಪ್ರಸಿದ್ಧ ಚರ್ಮಪ್ರಸಾಧಕ ಕುಟುಂಬದ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ 120 ಪೌಂಡ್ (ಸುಮಾರು 54 ಕಿಲೋಗ್ರಾಂ) ತೂಕದ ಮೀನು ಇಂದಿಗೂ ದಾಖಲೆಯಾಗಿ ಉಳಿದಿದೆ.

ಮಹಸೀರ್ ಸಂತತಿ ಕ್ಷೀಣಿಸುತ್ತಿದೆ ಎಂಬ ಆತಂಕದಿಂದ, ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿ ನಡೆಸುತ್ತಿದ್ದ ಕೇಂದ್ರದಲ್ಲಿ ಬೆಳೆಸಿದ ಮರಿಗಳನ್ನು 1970ರ ದಶಕದಿಂದ ಕಾವೇರಿಗೆ ಬಿಡಲಾಯಿತು. ಉದ್ದೇಶ ಸಂರಕ್ಷಣೆಯೇ. ಆದರೆ ಆ ಮರಿಗಳು ನೀಲಿ ರೆಕ್ಕೆಯ ಟಾರ್ ಖುದ್ರೀ ಜಾತಿಯವು. 1839ರಲ್ಲಿ ಸೈಕ್ಸ್ ಪುಣೆಯ ಸಮೀಪದ ಮುಳಾ-ಮುಠಾ ನದಿಯಿಂದ ವಿವರಿಸಿದ ಕೃಷ್ಣಾ ಕೊಳ್ಳದ ಮೀನು ಇದು. ಎರಡನ್ನೂ ಮಹಸೀರ್ ಎಂಬ ಒಂದೇ ಹೆಸರಿನಿಂದ ಕರೆಯುತ್ತಿದ್ದುದರಿಂದ ವ್ಯತ್ಯಾಸ ಗಮನಕ್ಕೆ ಬರಲಿಲ್ಲ.

ತಿಲಾಪಿಯಾ ಅಥವಾ ಕ್ಯಾಟ್‌ಫಿಶ್‌ನಂತೆ ಈ ಮೀನು ಹೊಸ ಉಪಾಯವನ್ನು ಹುಡುಕಬೇಕಾಗಿರಲಿಲ್ಲ. ಅದೇ ಘಟ್ಟಸಾಲಿನ ಮತ್ತೊಂದು ನದಿಯಲ್ಲಿ ರೂಪುಗೊಂಡ ಅದರ ದೇಹ ಸೆಳೆತಕ್ಕೂ ಪ್ರವಾಹಕ್ಕೂ ಮೊದಲೇ ಸಜ್ಜಾಗಿತ್ತು. ಪ್ರವಾಹವೆಂಬ ಕಾವಲುಗಾರ ಅದನ್ನು ತಡೆಯಲಿಲ್ಲ. ಡುಬ್ಬದ ಮಹಸೀರ್ ತಿನ್ನುವ ಆಹಾರವನ್ನೇ ತಿಂದು, ಅದು ವಾಸಿಸುವ ಮಡುಗಳಲ್ಲೇ ವಾಸಿಸಿತು. ಎರಡರ ನಡುವೆ ಸಂಕರವಾಗುವ ಅಪಾಯವನ್ನೂ ತಜ್ಞರು ಎತ್ತಿ ತೋರಿಸಿದ್ದಾರೆ.

ಬದಲಾವಣೆ ದಾಖಲಾದದ್ದು ಪ್ರಯೋಗಾಲಯದಲ್ಲಲ್ಲ, ಗಾಳದವರ ಟಿಪ್ಪಣಿ ಪುಸ್ತಕಗಳಲ್ಲಿ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಹಿಡಿದ ಮೀನನ್ನು ತೂಗಿ ಮತ್ತೆ ನದಿಗೆ ಬಿಡುವ ಶಿಬಿರಗಳಿದ್ದವು. 1998ರಿಂದ 2012ರವರೆಗಿನ ದಾಖಲೆಗಳಲ್ಲಿನ 6000ಕ್ಕೂ ಹೆಚ್ಚು ಮೀನುಗಳ ವಿವರಗಳನ್ನು ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ರಾಬರ್ಟ್ ಬ್ರಿಟನ್ ವಿಶ್ಲೇಷಿಸಿ 2015ರಲ್ಲಿ ಪ್ರಕಟಿಸಿದರು. ಒಟ್ಟು ಮಹಸೀರ್‌ಗಳ ಸಂಖ್ಯೆ ಏರುತ್ತಿತ್ತು. ಬಿಡಿಸಿ ನೋಡಿದಾಗ ಏರಿದ್ದು ನೀಲಿ ರೆಕ್ಕೆಯದು. ಡುಬ್ಬದ ಮಹಸೀರ್ ವರ್ಷದಿಂದ ವರ್ಷಕ್ಕೆ ಅಪರೂಪವಾಗಿತ್ತು, ಸಿಕ್ಕವು ಹೆಚ್ಚಾಗಿ ದೊಡ್ಡ ಗಾತ್ರದ ಹಳೆಯ ಮೀನುಗಳಾಗಿದ್ದವು. ಎಳೆಯ ಪೀಳಿಗೆ ಬರುತ್ತಿಲ್ಲ ಎಂಬುದರ ಸೂಚನೆ ಅದು. ವನ್ಯಜೀವಿ ಕಾನೂನಿನ ಕಾರಣ 2012ರಲ್ಲಿ ಅಭಯಾರಣ್ಯದೊಳಗಿನ ಗಾಳದ ಶಿಬಿರಗಳು ನಿಂತವು. ಅವುಗಳೊಂದಿಗೆ ಈ ಲೆಕ್ಕವೂ ನಿಂತಿತು.

ಅಲ್ಲಿಯವರೆಗೆ ಡುಬ್ಬದ ಮಹಸೀರ್‌ಗೆ ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ. ಬಹುಕಾಲ ಟಾರ್ ಮುಸಲ್ಲಾ ಎಂಬ ತಪ್ಪು ಹೆಸರು ಅದಕ್ಕೆ ಅಂಟಿಕೊಂಡಿತ್ತು. ಕೇರಳದಿಂದ ಪೂರ್ವಕ್ಕೆ ಹರಿದು ಕಾವೇರಿ ವ್ಯವಸ್ಥೆಯನ್ನು ಸೇರುವ ಪಾಂಬಾರ್ ನದಿಯ ಎಳೆಯ ಮೀನುಗಳಿಂದ ಈ ಮೊದಲೇ ವಿವರಿಸಲಾಗಿದ್ದ ಟಾರ್ ರೆಮಾದೇವಿಐ ಇದೇ ಎಂದು 2018ರಲ್ಲಿ ಗುರುತಿಸಲಾಯಿತು. ಮತ್ಸ್ಯಶಾಸ್ತ್ರಜ್ಞೆ ಕೆ. ರೆಮಾದೇವಿ ಅವರ ಗೌರವಾರ್ಥ ಇಟ್ಟ ಹೆಸರಿದು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಇದನ್ನು ತೀವ್ರ ಅಪಾಯದ ಅಂಚಿನಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು. ತಮಿಳುನಾಡಿನ ಮೋಯಾರ್ ನದಿ ಇದರ ಉಳಿದಿರುವ ಮುಖ್ಯ ನೆಲೆಗಳಲ್ಲೊಂದು.

ಅರ್ಕಾವತಿ ಮತ್ತು ಉತ್ತರ ಬೆಂಗಳೂರು

ನಂದಿಬೆಟ್ಟದಲ್ಲಿ ಹುಟ್ಟುವ ಅರ್ಕಾವತಿಯು ಯಲಹಂಕದ ಪಶ್ಚಿಮಕ್ಕಿರುವ ಹೆಸರಘಟ್ಟ ಕೆರೆ ಮತ್ತು ತಿಪ್ಪಗೊಂಡನಹಳ್ಳಿ ಜಲಾಶಯಗಳನ್ನು ಹಾದು, ಕನಕಪುರದ ಮೂಲಕ ಸಂಗಮದಲ್ಲಿ ಕಾವೇರಿಯನ್ನು ಕೂಡುತ್ತದೆ. ಮೇಕೆದಾಟಿನ ಕಮರಿ ಅಲ್ಲಿಂದ ಕೆಲವೇ ಕಿಲೋಮೀಟರ್ ದೂರ. ನಗರದ ವಾಯವ್ಯ ಅಂಚಿನ ಕೆರೆ, ಹೊಂಡಗಳಿಂದ ತಪ್ಪಿಸಿಕೊಂಡ ಮೀನಿಗೆ ಇದು ಮಹಸೀರ್‌ಗಳ ನೆಲೆಗೆ ನೇರ ದಾರಿ. ಹೆಬ್ಬಾಳ, ಜಕ್ಕೂರು ಕೆರೆಗಳ ನೀರು ಮಾತ್ರ ಪೂರ್ವಕ್ಕೆ ದಕ್ಷಿಣ ಪಿನಾಕಿನಿಯತ್ತ ಹರಿಯುತ್ತದೆ. ಹೆಸರಘಟ್ಟದಲ್ಲಿ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಹೆಬ್ಬಾಳದಲ್ಲಿ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಮೀನುಗಾರಿಕೆ ಕೇಂದ್ರವೂ ಇವೆ.

ನಿಯಂತ್ರಣ

ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ಭಾರತ ಸರ್ಕಾರ 2000ದಲ್ಲಿ ನಿಷೇಧಿಸಿತು. ಆದರೂ ಬೆಂಗಳೂರಿನ ಸುತ್ತಮುತ್ತ ಕದ್ದು ಸಾಕುವ ಪ್ರಕರಣಗಳು ಪತ್ರಿಕೆಗಳಲ್ಲಿ ವರದಿಯಾಗುತ್ತಲೇ ಇವೆ. ಕ್ಯಾಲಿಫೋರ್ನಿಯಾದ ಬೆಟ್ಟದ ಸರೋವರಗಳಲ್ಲಿ ಬಲೆ ಹಾಕಿ ಟ್ರೌಟ್‌ಗಳನ್ನು ಪೂರ್ತಿ ತೆಗೆದಾಗ ಸ್ಥಳೀಯ ಕಪ್ಪೆಗಳು ಮರಳಿ ಹೆಚ್ಚಿದ್ದುಂಟು. ಕಾವೇರಿಯಂತಹ ದೊಡ್ಡ ನದಿಯಲ್ಲಿ ಅಂತಹ ಕೆಲಸ ಸಾಧ್ಯವಿಲ್ಲ. ಮರಿ ಬಿಡುವ ಮುನ್ನ ಅದು ಯಾವ ಕೊಳ್ಳದ ಯಾವ ಜಾತಿ ಎಂದು ಖಚಿತಪಡಿಸಿಕೊಳ್ಳುವುದು ಮತ್ತು ಡುಬ್ಬದ ಮಹಸೀರ್ ಉಳಿದಿರುವ ಉಪನದಿಗಳಿಗೆ ನೀಲಿ ರೆಕ್ಕೆಯ ಮರಿಗಳನ್ನು ಬಿಡದಿರುವುದು ಸದ್ಯಕ್ಕೆ ಕೈಯಳತೆಯಲ್ಲಿರುವ ಕ್ರಮಗಳು.