ವಿಳಂಬದ ದೈವಶಾಸ್ತ್ರ: ಹಗ್ಗಾಯನ ವಾಣಿಯೂ ವಿಲಿಯಂ ಕೇರಿಯ ಪ್ರಯತ್ನವೂ

ಕ್ರೈಸ್ತಜೀವನದಲ್ಲಿ ತಲೆದೋರುವ ಆತ್ಮತೃಪ್ತಿಯನ್ನು ಆಲಸ್ಯದ ಒಂದು ಪ್ರಭೇದವೆಂದು ಭಾವಿಸುವ ರೂಢಿ ಬೋಧಕರಲ್ಲಿ ಉಂಟು. ಆದರೆ ಸಭಾಚರಿತ್ರೆಯನ್ನು ಸಮೀಪದಿಂದ ಪರಿಶೀಲಿಸಿದವರಿಗೆ, ಈ ದೋಷವು ಉದ್ಯೋಗಶೀಲರೂ ಪ್ರಾರ್ಥನಾಪರರೂ ಶಾಸ್ತ್ರಜ್ಞರೂ ಆದವರಲ್ಲಿಯೇ ಹೆಚ್ಚು ಸುಭದ್ರವಾಗಿ ನೆಲೆಸಿರುವುದು ಕಂಡುಬರುತ್ತದೆ. ಅಂಥವರು ದೇವರ ಸಂಕಲ್ಪವನ್ನು ನಿರಾಕರಿಸುವುದಿಲ್ಲ. ಅದಕ್ಕೆ ತಕ್ಕ ಕಾಲ ಇನ್ನೂ ಒದಗಿಲ್ಲವೆಂದು ಭಕ್ತಿಪೂರ್ವಕವಾಗಿಯೇ ಅದನ್ನು ಮುಂದೂಡುತ್ತಾರೆ. ಹೀಗೆ ಮುಂದೂಡುವುದಕ್ಕೆ ಶಾಸ್ತ್ರಸಮರ್ಥನೆಯೂ ದೊರೆತಲ್ಲಿ ಅದನ್ನು ಭೇದಿಸುವುದು ಎಷ್ಟು ಕಷ್ಟವೆಂಬುದನ್ನು ಇಂಗ್ಲೆಂಡಿನ ನಾರ್ಥಾಂಪ್ಟನ್‌ಷೈರ್ ಪ್ರಾಂತದ ಬ್ಯಾಪ್ಟಿಸ್ಟ್ ಸಭೆಗಳ ಚರಿತ್ರೆ ತೋರಿಸಿಕೊಡುತ್ತದೆ.

1791ರ ಏಪ್ರಿಲ್ ತಿಂಗಳಲ್ಲಿ ಕ್ಲಿಪ್‌ಸ್ಟನ್ ಗ್ರಾಮದಲ್ಲಿ ಸೇರಿದ ಬೋಧಕರ ಸಮಾವೇಶದಲ್ಲಿ ಆಂಡ್ರೂ ಫುಲ್ಲರನು ಧಾರ್ಮಿಕ ವಿಷಯಗಳಲ್ಲಿ ವಿಳಂಬದಿಂದಾಗುವ ಕೇಡನ್ನು ಕುರಿತು ಉಪದೇಶಿಸಲು ಪ್ರವಾದಿಯಾದ ಹಗ್ಗಾಯನ ಗ್ರಂಥದ ಮೊದಲ ಅಧ್ಯಾಯದ ಎರಡನೆಯ ವಚನವನ್ನು ಆಧಾರವಾಗಿ ಆರಿಸಿಕೊಂಡನು. ಆ ಆಯ್ಕೆಯ ಔಚಿತ್ಯವನ್ನು ಅರಿಯಬೇಕಾದರೆ ಕ್ರಿಸ್ತಪೂರ್ವ 520ನೆಯ ವರ್ಷದ ಯೆರೂಸಲೇಮನ್ನು ನೆನೆಯಬೇಕು. ಕೋರೆಷ ರಾಜನ ಅನುಮತಿಯಿಂದ ಬಾಬಿಲೋನಿನ ಸೆರೆಯಿಂದ ಮರಳಿದ ಜನರು ದೇವಾಲಯದ ಅಸ್ತಿವಾರವನ್ನು ಹಾಕಿ, ನೆರೆಯವರ ವಿರೋಧದಿಂದ ಕೈಬಿಟ್ಟ ಮೇಲೆ ಹದಿನೈದು ವರ್ಷಗಳಿಗಿಂತ ಹೆಚ್ಚು ಕಾಲ ಆ ಕೆಲಸವು ಹಾಗೆಯೇ ನಿಂತುಹೋಗಿದ್ದಿತು. ಆ ಅವಧಿಯಲ್ಲಿ ಜನರು ಕೈಕಟ್ಟಿ ಕುಳಿತಿರಲಿಲ್ಲ: ಬಿತ್ತುತ್ತಿದ್ದರು, ದುಡಿಯುತ್ತಿದ್ದರು, ಹಲಗೆ ಹೊದಿಸಿದ ಮನೆಗಳನ್ನು ತಮಗಾಗಿ ಕಟ್ಟಿಕೊಳ್ಳುತ್ತಿದ್ದರು, ದೇವರ ಮನೆಯನ್ನು ಕಟ್ಟುವ ಕಾಲ ಮಾತ್ರ ಇನ್ನೂ ಬಂದಿಲ್ಲವೆನ್ನುತ್ತಿದ್ದರು; ಆ ವಚನ ಎತ್ತಿ ಹೇಳುವುದು ಈ ಮಾತನ್ನೇ. ಪ್ರವಾದಿಯು ಅವರನ್ನು ಶಪಿಸಲಿಲ್ಲ. ತಮ್ಮ ಮಾರ್ಗಗಳನ್ನು ತಾವೇ ಪರಾಮರ್ಶಿಸಿಕೊಳ್ಳಬೇಕೆಂದು ಪದೇ ಪದೇ ಕೇಳಿಕೊಂಡನು. ಆರನೆಯ ತಿಂಗಳ ಮೊದಲ ದಿನ ಆತನು ಆಡಿದ ಮಾತಿಗೆ ಅದೇ ತಿಂಗಳ ಇಪ್ಪತ್ತನಾಲ್ಕನೆಯ ದಿನ ದೇಶಾಧಿಪತಿಯಾದ ಜೆರುಬ್ಬಾಬೆಲನೂ ಮಹಾಯಾಜಕನಾದ ಯೆಹೋಶುವನೂ ಜನರೊಡನೆ ಕೆಲಸಕ್ಕಿಳಿದು ಉತ್ತರಕೊಟ್ಟರೆಂಬುದು ಪ್ರವಾದಿಗಳ ಚರಿತ್ರೆಯಲ್ಲಿ ಅಪರೂಪವಾದ ಸಂಗತಿ.

ಫುಲ್ಲರನ ಶ್ರೋತೃಗಳಿಗೆ ಯೆರೂಸಲೇಮಿನವರಿಗಿಲ್ಲದ ಇನ್ನೊಂದು ಆಶ್ರಯವಿದ್ದಿತು. ರಕ್ಷಣೆಯು ಆದ್ಯಂತವೂ ದೇವರ ಸ್ವತಂತ್ರ ಕೃಪೆಯೆಂಬ ಕ್ಯಾಲ್ವಿನನ ಬೋಧೆಯನ್ನು ಆ ಪರಂಪರೆಯ ಹಲವು ಬೋಧಕರು ವಿಪರೀತಕ್ಕೆ ಎಳೆದು, ಅವಿಶ್ವಾಸಿಗಳನ್ನು ವಿಶ್ವಾಸಕ್ಕೆ ಆಹ್ವಾನಿಸುವುದೇ ದೇವರ ಅಧಿಕಾರದಲ್ಲಿ ಕೈಯಿಟ್ಟಂತೆ ಎಂದು ತಿಳಿದಿದ್ದರು. ಈ ಮತವನ್ನು ಫುಲ್ಲರನು 1785ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಖಂಡಿಸಿದ್ದನು. ಅದಕ್ಕೂ ಮುಂಚೆ, 1784ರಲ್ಲಿ, ಬೋಧಕ ಜಾನ್ ಸಟ್‌ಕ್ಲಿಫನ ಸೂಚನೆಯಂತೆ ಪ್ರತಿ ತಿಂಗಳ ಮೊದಲ ಸೋಮವಾರ ಲೋಕದಲ್ಲಿ ಸುವಾರ್ತೆ ಹಬ್ಬಲೆಂದು ಒಟ್ಟುಗೂಡಿ ಪ್ರಾರ್ಥಿಸುವ ಪದ್ಧತಿ ಮೊದಲಾಗಿದ್ದಿತು. ಸಿದ್ಧಾಂತವು ತಿದ್ದಲ್ಪಟ್ಟಿದ್ದರೂ, ಪ್ರಾರ್ಥನೆ ವರ್ಷಗಟ್ಟಲೆ ನಡೆದಿದ್ದರೂ, ಕ್ಲಿಪ್‌ಸ್ಟನ್ನಿನಲ್ಲಿ ವಿಳಂಬವನ್ನು ಕುರಿತ ಆ ಉಪದೇಶವನ್ನು ಕೇಳಿ ಮನಕರಗಿದ ಬೋಧಕರ ಮುಂದೆ ಅವರಲ್ಲೊಬ್ಬನಾದ ವಿಲಿಯಂ ಕೇರಿಯು ಅನ್ಯಜನರಿಗೆ ಸುವಾರ್ತೆ ಮುಟ್ಟಿಸಲು ಈಗಲೇ ಏನಾದರೂ ಮಾಡಬೇಕೆಂದು ಒತ್ತಾಯಿಸಿದಾಗ, ಅವರು ಆತನಿಗೆ ಹೇಳಿದುದು, ತನ್ನ ಹಸ್ತಪ್ರತಿಯನ್ನು ಪರಿಷ್ಕರಿಸಿ ಅಚ್ಚುಹಾಕಿಸೆಂದಷ್ಟೆ. ಸತ್ಯವನ್ನು ಒಪ್ಪಿಕೊಂಡ ಮಾತ್ರಕ್ಕೆ ವಿಧೇಯತೆ ಸಿದ್ಧಿಸಿತೆಂದು ನಂಬುವ ಈ ಮನೋಧರ್ಮವೇ ಆತ್ಮತೃಪ್ತಿಯ ಅತ್ಯಂತ ಸೂಕ್ಷ್ಮ ರೂಪವೆಂದು ನನ್ನ ಅಭಿಪ್ರಾಯ.

1792ರಲ್ಲಿ ಲೆಸ್ಟರಿನಲ್ಲಿ ಮುದ್ರಿತವಾದ ಆ ಹಸ್ತಪ್ರತಿಯೇ, ಅನ್ಯಜನರ ಪರಿವರ್ತನೆಗಾಗಿ ಸಾಧನಗಳನ್ನು ಬಳಸುವುದು ಕ್ರೈಸ್ತರ ಕರ್ತವ್ಯವೆಂದು ಸಾಧಿಸುವ ಕೇರಿಯ ಪ್ರಸಿದ್ಧ ಪ್ರಬಂಧ. ಪಾದರಕ್ಷೆ ಹೊಲಿಯುವ ವೃತ್ತಿಯಿಂದ ಬೋಧಕನಾದ ಈತನ ಗ್ರಂಥದಲ್ಲಿ ಉದ್ರೇಕದ ವಾಕ್ಯಗಳಿಗಿಂತ ಕೋಷ್ಟಕಗಳಿಗೆ ಹೆಚ್ಚಿನ ಸ್ಥಾನವಿದೆ: ದೇಶದೇಶಗಳ ವಿಸ್ತಾರವನ್ನೂ ಜನಸಂಖ್ಯೆಯನ್ನೂ ಮತವನ್ನೂ ಪಟ್ಟಿಮಾಡಿ, ಲೋಕದ ಒಟ್ಟು ಜನಸಂಖ್ಯೆಯನ್ನು 73 ಕೋಟಿ 10 ಲಕ್ಷವೆಂದು ಆತನು ಅಂದಾಜುಮಾಡಿದನು. ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿ ದೀಕ್ಷಾಸ್ನಾನ ಕೊಡಿರೆಂಬ ಕ್ರಿಸ್ತನ ಆಜ್ಞೆ ಅಪೊಸ್ತಲರಿಗೆ ಮಾತ್ರ ಅನ್ವಯಿಸಿದುದೆಂಬವರಿಗೆ, ಹಾಗಾದರೆ ದೀಕ್ಷಾಸ್ನಾನವೂ ಅವರೊಡನೆ ಮುಗಿಯಬೇಕಾಗಿದ್ದಿತಲ್ಲವೆ ಎಂದು ಪ್ರತ್ಯುತ್ತರವಿತ್ತನು. ದೂರದ ಭಯವನ್ನು ಮುಂದಿಟ್ಟವರಿಗೆ, ಲಾಭಕ್ಕಾಗಿ ಅದೇ ಸಮುದ್ರಗಳನ್ನು ದಾಟುತ್ತಿದ್ದ ವರ್ತಕರನ್ನು ತೋರಿಸಿದನು. ಬೋಧಕನಾದ ಹಿರಿಯ ರೈಲಂಡನು ಸಭೆಯಲ್ಲಿ ಕೇರಿಯನ್ನು ಗದರಿಸಿ ಕುಳ್ಳಿರಿಸಿದನೆಂಬ ಕಥೆ ಹಲವು ಜೀವನಚರಿತ್ರೆಗಳಲ್ಲಿ ಬರುವುದಾದರೂ, ರೈಲಂಡನ ಮಗನೇ ಅದನ್ನು ನಂಬಲಿಲ್ಲವಾದುದರಿಂದ ಅದರ ಮೇಲೆ ಯಾವ ವಾದವನ್ನೂ ನಿಲ್ಲಿಸದಿರುವುದು ಲೇಸು.

ಅದೇ ವರ್ಷದ ಮೇ ತಿಂಗಳ ಕೊನೆಯಲ್ಲಿ ನಾಟಿಂಗ್‌ಹ್ಯಾಮಿನಲ್ಲಿ ಕೇರಿಯು ಯೆಶಾಯನ 54ನೆಯ ಅಧ್ಯಾಯದ ಮೇಲೆ ಉಪದೇಶ ಮಾಡಿದ ಮೇಲೂ ಬೋಧಕರು ನಿರ್ಣಯವಿಲ್ಲದೆ ಚದುರುವುದರಲ್ಲಿದ್ದರು. ಆತನು ಫುಲ್ಲರನನ್ನು ನೇರವಾಗಿ ಬೇಡಿಕೊಂಡುದರಿಂದ ಮುಂದಿನ ಕೂಟಕ್ಕೆ ಒಂದು ಯೋಜನೆಯನ್ನು ಸಿದ್ಧಪಡಿಸುವ ಠರಾವಾಯಿತು. ಅಕ್ಟೋಬರ್ 2ರಂದು ಕೆಟರಿಂಗಿನ ಒಂದು ಮನೆಯಲ್ಲಿ ಅನ್ಯಜನರಿಗೆ ಸುವಾರ್ತೆ ಸಾರುವ ಸಂಘವು ಸ್ಥಾಪಿತವಾದಾಗ ವಾಗ್ದಾನವಾದ ಮೊತ್ತ 13 ಪೌಂಡು 2 ಶಿಲಿಂಗು 6 ಪೆನ್ಸು.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಬೇಕು. ಸಂಘದ ಪರವಾಗಿ ಭಾರತಕ್ಕೆ ಹೊರಟ ಕೇರಿಯ ಪತ್ನಿ ಡಾರತಿಯು ಮೊದಲು ಆ ಪ್ರಯಾಣಕ್ಕೆ ಒಪ್ಪಿರಲಿಲ್ಲ. ಬಳಿಕ ಒತ್ತಾಯಕ್ಕೆ ಮಣಿದು 1793ರಲ್ಲಿ ಬಂಗಾಳಕ್ಕೆ ಬಂದ ಆಕೆ, ಮರುವರ್ಷ ಮಗ ಪೀಟರನನ್ನು ಕಳೆದುಕೊಂಡು, ಚಿತ್ತವಿಕಾರಕ್ಕೆ ಒಳಗಾಗಿ, 1807ರಲ್ಲಿ ಮರಣಹೊಂದುವವರೆಗೂ ಚೇತರಿಸಿಕೊಳ್ಳಲಿಲ್ಲ. ಈ ದುಃಖವನ್ನು ದೈವಸಂಕಲ್ಪದ ಹೆಸರಿನಲ್ಲಿ ಮುಚ್ಚಿಡುವ ಚರಿತ್ರಕಾರರು ಕೇರಿಗೂ ನ್ಯಾಯ ಮಾಡುವುದಿಲ್ಲ, ಆಕೆಗೂ ಮಾಡುವುದಿಲ್ಲ. ತನ್ನ ಆತ್ಮತೃಪ್ತಿಯನ್ನು ಗೆದ್ದವನು ಇನ್ನೊಬ್ಬರ ಅಸಮ್ಮತಿಯನ್ನು ಆತ್ಮತೃಪ್ತಿಯೆಂದು ಎಣಿಸುವ ಅಪಾಯವಿದೆ. ಹಗ್ಗಾಯನು ತನ್ನ ಜನರಿಗೆ ಮೂರು ವಾರಗಳಿಗಿಂತ ಹೆಚ್ಚಿನ ಪರಾಮರ್ಶೆಯ ಅವಕಾಶವನ್ನು ಕೊಟ್ಟಿದ್ದನೆಂಬುದನ್ನು ಉತ್ಸಾಹಿಗಳು ಮರೆಯಬಾರದು.

ಭಾರತದಲ್ಲಿ ಕೇರಿಯ ಸಾಧನೆ ಮಂದಗತಿಯದು. ಮದನಾವತಿಯ ನೀಲಿಯ ಕಾರ್ಖಾನೆಯಲ್ಲಿ ವ್ಯವಸ್ಥಾಪಕನಾಗಿ ದುಡಿಯುತ್ತ ಬಂಗಾಳಿಯನ್ನು ಕಲಿತು, ಶ್ರೀರಾಮಪುರಕ್ಕೆ ನೆಲೆ ಬದಲಿಸಿದ ಮೇಲೆ, 1800ರ ಡಿಸೆಂಬರಿನಲ್ಲಿ ಕೃಷ್ಣಪಾಲನ ದೀಕ್ಷಾಸ್ನಾನವಾಗುವವರೆಗೆ ಏಳು ವರ್ಷಗಳು ಕಳೆದಿದ್ದವು. 1812ರ ಮಾರ್ಚ್ 11ರ ರಾತ್ರಿ ಶ್ರೀರಾಮಪುರದ ಮುದ್ರಣಾಲಯಕ್ಕೆ ಬೆಂಕಿ ಬಿದ್ದು, ಹಲವು ಭಾಷೆಗಳ ಅಚ್ಚಿನ ಮೊಳೆಗಳೊಡನೆ ಕನ್ನಡಕ್ಕೆ ಸಂಬಂಧಿಸಿದ ಹಸ್ತಪ್ರತಿಗಳೂ ಭಸ್ಮವಾದುವು. ಯೆರೂಸಲೇಮಿನವರಿಗೆ ವಿರೋಧವು ಕಾರಣವಾದಂತೆ ಇಲ್ಲಿ ಅಗ್ನಿಯು ಕಾರಣವಾಗಬಹುದಿದ್ದಿತು, ಕಾಲ ಇನ್ನೂ ಬಂದಿಲ್ಲವೆಂದು ಹೇಳುವುದಕ್ಕೆ. ಅಂಥ ಮಾತನ್ನು ಆತನು ಆಡಲಿಲ್ಲ. ಕಳೆದುಹೋದುದನ್ನು ಮೊದಲಿನಿಂದ ಬರೆಯಲು ತೊಡಗಿದನು. ಆತನ ಕನ್ನಡ ವ್ಯಾಕರಣವು 1817ರಲ್ಲಿ ಶ್ರೀರಾಮಪುರದ ಅದೇ ಮುದ್ರಣಾಲಯದಿಂದ ಹೊರಬಂದಿತು.