ಬೆರಳ ಸಂದಿನ ಬಿರುಕು: ಆನೆಕಾಲಿನಲ್ಲಿ ಮರುಕಳಿಸುವ ಚರ್ಮಸೋಂಕು

ಆನೆಕಾಲು ರೋಗಿಯನ್ನು ಹೈರಾಣಾಗಿಸುವುದು ಕಾಲಿನ ಗಾತ್ರಕ್ಕಿಂತ, ಮತ್ತೆ ಮತ್ತೆ ಎರಗುವ ಜ್ವರ. ಚಳಿ ನಡುಕ ಹುಟ್ಟುತ್ತದೆ, ತೊಡೆಸಂದಿನಲ್ಲಿ ಗಡ್ಡೆ ಕಟ್ಟುತ್ತದೆ, ಕಾಲು ಕೆಂಪೇರಿ ಮುಟ್ಟಗೊಡದಷ್ಟು ನೋಯುತ್ತದೆ. ಕೆಲವು ದಿನಗಳ ಕೂಲಿ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಇದು ಕೆರಳುತ್ತದೆಂಬ ನಂಬಿಕೆ ಹಲವೆಡೆ ಇದೆ. ವೈದ್ಯರೂ ಬಹುಕಾಲ ಆನೆಕಾಲು ತರುವ ಫೈಲೇರಿಯಾ ಹುಳುವನ್ನೇ ದೂರಿ, ಜ್ವರ ಬಂದಾಗಲೆಲ್ಲ ಹುಳುನಾಶಕ ಡಿಇಸಿ ಮಾತ್ರೆ ಬರೆದುಕೊಟ್ಟರು.

ಹುಳು ಮಾಡುವುದು ಮೊದಲ ಹಾನಿಯನ್ನು. ಅದು ದುಗ್ಧರಸ ನಾಳಗಳನ್ನು ಕೆಡಿಸಿದ ಮೇಲೆ ಕಾಲಿನಲ್ಲಿ ದ್ರವ ನಿಲ್ಲುತ್ತದೆ, ಚರ್ಮ ದಪ್ಪಗಾಗಿ ಮಡಿಕೆ ಬೀಳುತ್ತದೆ. ಗಾಳಿಯಾಡದ ಬೆರಳ ಸಂದುಗಳಲ್ಲಿ ಶಿಲೀಂಧ್ರ ಬೆಳೆದು ಚರ್ಮ ಬಿರುಕು ಬಿಡುತ್ತದೆ. ಅಲ್ಲಿಂದ ಒಳಹೋಗುವ ಬ್ಯಾಕ್ಟೀರಿಯಾ, ಮುಖ್ಯವಾಗಿ ಸ್ಟ್ರೆಪ್ಟೋಕಾಕಸ್, ಜ್ವರ ತರುತ್ತದೆ. ಒಂದೊಂದು ಜ್ವರವೂ ಉಳಿದ ನಾಳಗಳಿಗೆ ಇನ್ನಷ್ಟು ಪೆಟ್ಟು ಕೊಡುವುದರಿಂದ ಬಾವು ಏರುತ್ತದೆ. ಬಾವು ಏರಿದಷ್ಟೂ ಮುಂದಿನ ಸೋಂಕಿಗೆ ದಾರಿ ಸಲೀಸು. ಕೇರಳದ ಆಲಪ್ಪುಳದಲ್ಲಿ ಸುಮಾ, ಶೆಣೈ, ಕುಮಾರಸ್ವಾಮಿ ಅವರ ತಂಡ 1990ರ ದಶಕದಲ್ಲಿ ಇಂಥ ರೋಗಿಗಳ ರಕ್ತದಲ್ಲಿ ಸ್ಟ್ರೆಪ್ಟೋಕಾಕಸ್ ಸೋಂಕಿನ ಗುರುತುಗಳನ್ನು ತೋರಿಸಿತು. ಪಾದದ ಆರೈಕೆಯಿಂದ ಜ್ವರದ ಸರದಿ ತಗ್ಗುವುದನ್ನೂ ಅದೇ ತಂಡ ದಾಖಲಿಸಿತು.

ಹಾಗಾದರೆ ಸ್ಟ್ರೆಪ್ಟೋಕಾಕಸ್ ಕೊಲ್ಲುವ ಪೆನ್ಸಿಲಿನ್ ಸಾಲದೆ? ಬ್ರಿಟನ್ ಮತ್ತು ಐರ್ಲೆಂಡ್‌ನಲ್ಲಿ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ಅರ್ಧ ಉತ್ತರ ಕೊಡುತ್ತದೆ. ಕಾಲಿನ ಚರ್ಮಸೋಂಕು ಮರುಕಳಿಸುತ್ತಿದ್ದ 274 ಜನರಲ್ಲಿ ಒಂದು ಗುಂಪಿಗೆ ದಿನಕ್ಕೆರಡು ಬಾರಿ 250 ಮಿಲಿಗ್ರಾಂ ಪೆನ್ಸಿಲಿನ್ ಅನ್ನು ಒಂದು ವರ್ಷ ಕೊಡಲಾಯಿತು. ಆ ವರ್ಷ ಸೋಂಕು ಮರಳಿದ್ದು ಅವರಲ್ಲಿ ಶೇ. 22 ಮಂದಿಗೆ, ಹುಸಿಮಾತ್ರೆ ನುಂಗಿದವರಲ್ಲಿ ಶೇ. 37 ಮಂದಿಗೆ. ಮಾತ್ರೆ ನಿಲ್ಲಿಸಿದ ಮೇಲೆ ಎರಡು ಗುಂಪಿಗೂ ವ್ಯತ್ಯಾಸ ಉಳಿಯಲಿಲ್ಲ. ಇನ್ನೂ ಮುಖ್ಯವಾದದ್ದೆಂದರೆ, ಕಾಲಲ್ಲಿ ಬಾವಿದ್ದವರಿಗೂ ಹಿಂದೆ ಮೂರು ಅಥವಾ ಹೆಚ್ಚು ಸಲ ಸೋಂಕಾಗಿದ್ದವರಿಗೂ ಔಷಧದ ಫಲ ಕಡಿಮೆ. ನಮ್ಮ ಆನೆಕಾಲು ರೋಗಿಗಳಲ್ಲಿ ಹೆಚ್ಚಿನವರು ಈ ವರ್ಗದವರೇ.

ಬಾವಿಗೇ ಕೈಹಾಕಿದ ಪ್ರಯೋಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ನಡೆದು 2020ರಲ್ಲಿ ಪ್ರಕಟವಾಯಿತು. ಕಾಲಿಗೆ ಒತ್ತುಪಟ್ಟಿ ಧರಿಸಿದವರಲ್ಲಿ ಶೇ. 15, ಬರೀ ತಿಳಿವಳಿಕೆ ಪಡೆದವರಲ್ಲಿ ಶೇ. 40 ಮಂದಿಗೆ ಸೋಂಕು ಮರಳಿತು. ಫಲ ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. ಇದ್ದವರು 84 ಜನ ಮಾತ್ರ ಎಂಬುದನ್ನೂ ಮರೆಯಬಾರದು. ನಲವತ್ತು ಡಿಗ್ರಿ ದಾಟುವ ಕಲಬುರಗಿಯ ಬೇಸಿಗೆಯಲ್ಲಿ ತೊಗರಿ ಹೊಲಕ್ಕೆ ಹೋಗುವ ಹೆಂಗಸು ಆ ಪಟ್ಟಿಯನ್ನು ದಿನವಿಡೀ ಕಟ್ಟಿಕೊಂಡಿರುತ್ತಾಳೆಂದು ಕ್ಯಾನ್‌ಬೆರಾದ ಅಂಕಿಯಿಂದ ಊಹಿಸುವುದಂತೂ ಸಾಧ್ಯವಿಲ್ಲ.

ನಮ್ಮ ಪರಿಸ್ಥಿತಿಗೆ ಹೊಂದುವ ಅಂಕಿಗಳ ಈ ಕೊರತೆಯನ್ನು ನಮ್ಮ ಕಡೆಯ ಕೆಲಸ ಒಂದಿಷ್ಟು ತುಂಬಿದೆ. ಕಾಸರಗೋಡಿನ ಅನ್ವಯಿಕ ಚರ್ಮವಿಜ್ಞಾನ ಸಂಸ್ಥೆಯ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು ತೊಳೆಯುವಿಕೆ, ಆಯುರ್ವೇದದ ಲೇಪ, ಯೋಗ, ಪಟ್ಟಿಗಳನ್ನು ಜೋಡಿಸಿದ ಚಿಕಿತ್ಸೆಯನ್ನು ಕಲಬುರಗಿ ಮತ್ತು ಆಲಪ್ಪುಳದ ಹಳ್ಳಿಗಳಿಗೆ ಒಯ್ದು, ಫಲಿತಾಂಶವನ್ನು 2013ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೋಲಿಕೆಗೆ ಯಾದೃಚ್ಛಿಕ ಗುಂಪಿರಲಿಲ್ಲ. ಹಾಗಾಗಿ ಯಾವ ಅಂಶದಿಂದ ಎಷ್ಟು ಫಲವೆಂದು ಬಿಡಿಸಿ ಹೇಳಲಾಗದು. ನನ್ನ ಅಂದಾಜಿನಲ್ಲಿ ದೊಡ್ಡ ಪಾಲು ಸೋಪು, ನೀರು ಮತ್ತು ಒಣಬಟ್ಟೆಯದು. ಬೆರಳ ಸಂದುಗಳನ್ನು ತೊಳೆದು, ಉಜ್ಜದೆ ಒತ್ತಿ ಒಣಗಿಸಿ, ಬಿರುಕಿಗೆ ಶಿಲೀಂಧ್ರನಾಶಕ ಹಚ್ಚುವುದು ಇದರ ತಿರುಳು. ತೊಳೆದು ಒದ್ದೆಯಾಗಿಯೇ ಬಿಟ್ಟ ಕಾಲಿನಲ್ಲಿ ಶಿಲೀಂಧ್ರ ಮತ್ತೆ ಬೆಳೆಯುತ್ತದೆ. ನೀರಿಗೇ ತತ್ವಾರವಿರುವ ಊರಿನಲ್ಲಿ ಇಷ್ಟೂ ಸುಲಭವಲ್ಲ, ಬಿಡಿ.

ಸರ್ಕಾರಿ ಕಾರ್ಯಕ್ರಮದ ಲೆಕ್ಕ ಬೇರೆಯೇ. ದೇಶದಲ್ಲಿ 2004ರಿಂದ ಸಾಮೂಹಿಕ ಔಷಧ ಸೇವನೆ ನಡೆಯುತ್ತಿದೆ. ಐವರ್‌ಮೆಕ್ಟಿನ್ ಸೇರಿಸಿದ ಮೂರು ಔಷಧಗಳ ಪ್ರಯೋಗಕ್ಕೆ ಭಾರತದಲ್ಲಿ ಕರ್ನಾಟಕದ ಯಾದಗಿರಿ ನೆಲೆಯಾಗಿತ್ತು. ಹೊಸಬರಿಗೆ ರೋಗ ಹರಡದಂತೆ ತಡೆಯುವುದು ಈ ಸಾಮೂಹಿಕ ಸೇವನೆಯ ಗುರಿ, ಕೆಟ್ಟ ನಾಳಗಳನ್ನು ಅದು ಸರಿಪಡಿಸದು. ಬಾತ ಕಾಲಿನವರ ಹೆಸರುಪಟ್ಟಿಯ ಪಕ್ಕದಲ್ಲಿ ಕಳೆದ ವರ್ಷ ಎಷ್ಟು ಸಲ ಜ್ವರ ಬಂತು, ಯಾವ ಸಂದಿನಲ್ಲಿ ಬಿರುಕಿದೆ ಎಂಬ ಎರಡು ಕಲಂಗಳನ್ನು ಆಶಾ ಕಾರ್ಯಕರ್ತೆಯರ ಪುಸ್ತಕಕ್ಕೆ ಸೇರಿಸಿದರೆ, ದೀರ್ಘಾವಧಿ ಪೆನ್ಸಿಲಿನ್ ಯಾರಿಗೆ ಬೇಕು, ಬರೀ ಪಾದದ ಆರೈಕೆ ಯಾರಿಗೆ ಸಾಕು ಎಂಬುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬೇರ್ಪಡಿಸಬಹುದು.