ಎರಡನೇ ಈಡು

ನಮ್ಮ ಹಳೇ ಮನೆಯ ಜಗಲಿ ಗೋಡೆಯಲ್ಲಿ ಎರಡು ಮರದ ಗೂಟಗಳಿವೆ. ಈಗ ಅವಕ್ಕೆ ಕೊಡೆ ನೇತುಹಾಕ್ತೀವಿ. ಒಂದು ಕಾಲದಲ್ಲಿ ಅಲ್ಲಿದ್ದದ್ದು ಅಜ್ಜನ ಕೇಪಿನ ಕೋವಿ, ಆಮೇಲೆ ಅಪ್ಪನ ಜೋಡುನಳಿಗೆ. ಮಲೆನಾಡಿನಲ್ಲಿ ಇಂಥ ಮನೆಗಳು ಎಷ್ಟೋ ಇವೆ. ಶಿಕಾರಿಯವರಿಗೆ ಯಾವ ಕೋವಿ ಇಷ್ಟ ಅನ್ನೋದು ತಲೆಮಾರಿಗೊಮ್ಮೆ ಬದಲಾಗ್ತಾ ಬಂತು. ಕೋವಿಯ ಜೊತೆ ಇನ್ನೇನು ಬದಲಾಯ್ತು ಅನ್ನೋದು ಮಾತ್ರ ನನಗೆ ತಡವಾಗಿ ಹೊಳೆಯಿತು.

ಅಜ್ಜನ ಕೋವಿಗೆ ಎಲ್ಲವನ್ನೂ ಬಾಯಿಂದಲೇ ತುಂಬಬೇಕು. ಮೊದಲು ಅಳತೆ ಮಾಡಿದ ಮಸಿ, ಅದರ ಮೇಲೆ ತೆಂಗಿನ ನಾರು, ಕಬ್ಬಿಣದ ಸರಳಿನಿಂದ ಗಿಡಿದು ಆಮೇಲೆ ಚರೆ, ಮತ್ತೆ ನಾರು. ಕೊನೆಗೆ ಹಿಂಬದಿಯ ಮೊಲೆಯ ಮೇಲೆ ಒಂದು ಕೇಪು. ಇಷ್ಟೆಲ್ಲ ಮಾಡಿದರೆ ಸಿಗೋದು ಒಂದು ಈಡು. ಅದು ತಪ್ಪಿದರೆ ಮತ್ತೆ ತುಂಬೋ ಹೊತ್ತಿಗೆ ಹಂದಿ ಪಕ್ಕದೂರು ಸೇರಿರುತ್ತೆ. ನಮ್ಮ ಮಳೆಗಾಲದಲ್ಲಿ ಮಸಿ ತೇವ ಹಿಡಿದು ಕೋವಿ ಟುಸ್ ಅಂದದ್ದೂ ಉಂಟು.

ಆದರೆ ಈ ಕೇಪೇ ಒಂದು ಕಾಲದ ಹೊಸ ಫ್ಯಾಶನ್ನು! ಅದಕ್ಕೂ ಮೊದಲಿದ್ದ ಚಕಮಕಿ ಕಲ್ಲಿನ ಕೋವಿಯಲ್ಲಿ ಕಿಡಿ ಹೊತ್ತಿದ್ದು ಕಂಡೊಡನೆ ಹಕ್ಕಿ ಎಚ್ಚೆತ್ತು ಹಾರಿಬಿಡ್ತಿತ್ತು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಗೆ ಬಾತುಕೋಳಿ ಶಿಕಾರಿಯ ಹುಚ್ಚು. ಈ ಕಾಟದಿಂದ ರೋಸಿಹೋಗಿ, ಪೆಟ್ಟು ಬಿದ್ದರೆ ಸಿಡಿಯುವ ಮದ್ದಿನಿಂದ ಕೋವಿ ಹಾರಿಸುವ ಉಪಾಯ ಕಂಡುಹಿಡಿದ. ಅದಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಆ ಉಪಾಯವೇ ಮುಂದೆ ತಾಮ್ರದ ಪುಟ್ಟ ಟೋಪಿಯಾಯ್ತು. ಅದೇ ನಮ್ಮ ಕೇಪು.

1830ರ ದಶಕದಲ್ಲಿ ಫ್ರಾನ್ಸಿನ ಲೆಫೋಶೊ ಎಂಬಾತ ನಡು ಮುರಿದು ಹಿಂದಿನಿಂದ ತೋಟಾ ತುಂಬುವ ಕೋವಿ ಮಾಡಿದ. 1851ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಕಂಡ ಇಂಗ್ಲಿಷ್ ಶಿಕಾರಿಗಳಲ್ಲಿ ಅನೇಕರಿಗೆ ನಂಬಿಕೆ ಬರಲಿಲ್ಲ. ನಡುವೆ ಮುರಿಯುವ ಕೋವಿ ಗಟ್ಟಿ ಇರೋದುಂಟೇ ಅನ್ನೋದು ಅವರ ವಾದ. ಆದರೆ ಅನುಕೂಲದ ಮುಂದೆ ಇಂಥ ವಾದಗಳು ಬಹಳ ದಿನ ನಿಲ್ಲಲ್ಲ ಬಿಡಿ. 1875ರಲ್ಲಿ ಬರ್ಮಿಂಗ್‌ಹ್ಯಾಮಿನ ಆನ್ಸನ್ ಮತ್ತು ಡೀಲಿ, ಹೊರಗೆ ಕುದುರೆ ಕಾಣದ, ಮುರಿದಾಗ ತಾನಾಗಿ ಸಜ್ಜಾಗುವ ಜೋಡುನಳಿಗೆ ತಂದರು. ಮುಂದೆ ಜಗತ್ತಿನ ಶಿಕಾರಿಯವರು ಮೆಚ್ಚಿದ ಜೋಡುನಳಿಗೆಗಳಲ್ಲಿ ಎಷ್ಟೋ ಅದರ ಸಂತತಿಯೇ.

ಅಪ್ಪ ಕೊಂಡದ್ದೂ ಅಂಥದ್ದೇ, 12 ಬೋರಿನದು. 12 ಅಂದ್ರೆ ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ಒಂದು ಪೌಂಡ್ ಸೀಸದಿಂದ ಸಮನಾದ 12 ಗುಂಡು ಎರಕ ಹೊಯ್ದರೆ ಒಂದೊಂದು ಗುಂಡು ಎಷ್ಟು ದಪ್ಪವೋ ನಳಿಗೆಯ ಒಳಗು ಅಷ್ಟು, ಸುಮಾರು ಹದಿನೆಂಟೂವರೆ ಮಿಲಿಮೀಟರ್. ಇನ್ನೊಂದು ಗುಟ್ಟಿದೆ. ಇಂಥ ಕೋವಿಯ ಎರಡು ನಳಿಗೆಗಳು ಸಾಮಾನ್ಯವಾಗಿ ಒಂದೇ ಥರ ಇರೋದಿಲ್ಲ. ಬಲಗಡೆಯದರ ಬಾಯಿ ಸ್ವಲ್ಪ ಸಡಿಲ, ಎಡಗಡೆಯದು ಬಿಗಿ. ಸಡಿಲ ಬಾಯಿಂದ ಚರೆ ಬೇಗ ಹರಡುತ್ತೆ, ಹತ್ತಿರದ ಪ್ರಾಣಿಗೆ ಅದು ಸಾಕು. ಬಿಗಿ ಬಾಯಿಂದ ಚರೆ ಒತ್ತಾಗಿ ದೂರ ಹೋಗುತ್ತೆ. ಅಂದ್ರೆ ಎರಡನೇ ನಳಿಗೆ ಮಾಡಿರೋದೇ, ಮೊದಲ ಈಡಿಗೆ ತಪ್ಪಿಸಿಕೊಂಡು ಓಡುತ್ತಿರುವ ಜೀವಕ್ಕೆ.

ಅಪ್ಪನಿಗೆ ಆ ಕೋವಿ ಅಂದ್ರೆ ಪ್ರಾಣ. ಭಾನುವಾರ ಎಣ್ಣೆ ಬಟ್ಟೆ ಹಿಡಿದು ಕೂತರೆ ಊಟಕ್ಕೂ ಏಳ್ತಿರಲಿಲ್ಲ. ಅದೇ ಹೊತ್ತಿಗೆ ತಲೆಗೆ ಕಟ್ಟುವ ಬ್ಯಾಟರಿ ಬಂತು, ಕೆಲವರ ಮನೆಗೆ ಜೀಪು ಬಂತು. ಕಾಡುಕುರಿ ಬೆಳಕಿಗೆ ಕಣ್ಣು ಕೊಟ್ಟು ನಿಂತರೆ ಮುಗೀತು. ಅಜ್ಜ ಮಾತ್ರ ಹೊಸ ಕೋವಿ ಮುಟ್ಟಲಿಲ್ಲ. ಎರಡು ಈಡು ಇದ್ದವನಿಗೆ ಮೊದಲನೆಯದರ ಮೇಲೆ ಗಮನ ಇರಲ್ಲ ಕಣೋ ಅಂತಿದ್ದರು. ಹಳಬರ ಗೊಣಗಾಟ ಅಂತ ಅಪ್ಪ ನಕ್ಕುಬಿಡ್ತಿದ್ದರು.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಕೆಲವು ಪ್ರಾಣಿಗಳ ಬೇಟೆಗೆ ಲೈಸೆನ್ಸ್ ಕೊಡುವ ದಾರಿ ಅದರಲ್ಲಿನ್ನೂ ಉಳಿದಿತ್ತು. 1991ರ ತಿದ್ದುಪಡಿ ಅದನ್ನೂ ಮುಚ್ಚಿತು. ಅಪ್ಪನ ಕೋವಿ ಬೆಳೆ ಕಾಯುವ ಕೋವಿಯಾಗಿ, ಆಕಾಶಕ್ಕೆ ಸದ್ದು ಮಾಡುವ ಕೋವಿಯಾಗಿ ಉಳಿಯಿತು. ಚುನಾವಣೆ ಬಂದಾಗಲೆಲ್ಲ ಠಾಣೆಯಲ್ಲಿ ಇಟ್ಟು ಬರೋದು, ಮುಗಿದ ಮೇಲೆ ತರೋದು. ಹಾಗೊಮ್ಮೆ ವಾಪಸು ತರುವಾಗ ಅಪ್ಪ ಬಸ್ಸಿನಲ್ಲಿ ಹೇಳಿದರು: "ಅಜ್ಜನ ಕೋವಿ ಹಿಡಿದಾಗ ಹತ್ತು ಸಲ ಗುರಿ ಇಟ್ಟರೆ ಎಂಟು ಸಲ ಹೊಡೀದೆ ಇಳಿಸ್ತಿದ್ದೆ. ಮರಿ ಜೊತೆಗಿದೆಯಾ, ದೂರ ಇದೆಯಾ ಅಂತ ನೋಡ್ಲೇಬೇಕಿತ್ತು. ಜೋಡುನಳಿಗೆ ಬಂದ ಮೇಲೆ ನೋಡಿದ್ದು ನೆನಪಿಲ್ಲ ಮಾರಾಯ." ನಾನು ಮಾತಾಡಲಿಲ್ಲ. ಮಾತಾಡೋಕೆ ಏನಿತ್ತು?

ಪಕ್ಕದ ಕೊಡಗಿನಲ್ಲಿ ಕೋವಿ ಶಿಕಾರಿಯನ್ನು ಮೀರಿ ಬದುಕಿದೆ. 1857ರ ದಂಗೆಯ ನಂತರ ದೇಶದ ಜನರಿಂದ ಆಯುಧ ಕಿತ್ತುಕೊಂಡ ಬ್ರಿಟಿಷರು ಕೊಡವರಿಗೆ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಇಂದಿಗೂ ಇದೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಮುಡಿಸಿ ಪೂಜೆ ಮಾಡ್ತಾರೆ, ತೆಂಗಿನಕಾಯಿಗೆ ಗುರಿ ಇಟ್ಟು ಸ್ಪರ್ಧೆ ನಡೆಸ್ತಾರೆ. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು ಹಾರಿಸುವ ಪದ್ಧತಿ. ಯಾರಾದರೂ ತೀರಿಕೊಂಡರೆ ಎರಡು. ದೂರದ ಗದ್ದೆಯಲ್ಲಿರುವವನು ಮೊದಲ ಸದ್ದಿಗೆ ತಲೆಯೆತ್ತಿ, ಇನ್ನೊಂದು ಕೇಳುತ್ತೋ ಇಲ್ಲವೋ ಅಂತ ಕಿವಿಗೊಟ್ಟು ನಿಲ್ಲುತ್ತಾನೆ.

ಇದನ್ನು ಮೊದಲ ಸಲ ಕೇಳಿದಾಗ ಅಜ್ಜನ ಮಾತು ನೆನಪಾಯ್ತು. ಅಪ್ಪ ಹೋದ ಮೇಲೆ ಜೋಡುನಳಿಗೆಯನ್ನು ಸರ್ಕಾರಕ್ಕೆ ಒಪ್ಪಿಸಿಬಿಟ್ಟೆ. ಕಳಿಸುವ ಮುಂಚೆ ಒಂದು ಸಲ ಮುರಿದು ಬೆಳಕಿಗೆ ಹಿಡಿದು ನೋಡಿದೆ. ಎಡಗಡೆಯ ನಳಿಗೆ ಬಲಗಡೆಯದಕ್ಕಿಂತ ಹೆಚ್ಚು ಸವೆದಿರಬಹುದು ಅಂದುಕೊಂಡಿದ್ದೆ. ಎರಡೂ ಒಂದೇ ಸಮ ಹೊಳೀತಿದ್ದವು. ಅಪ್ಪ ಅಷ್ಟು ಚೆನ್ನಾಗಿ ಎಣ್ಣೆ ಹಾಕಿ ಉಜ್ಜಿದ್ದರು.